ಮೈಸೂರಿನ ನೌಕಾಬಲದಲ್ಲಿ ದ್ವಿತೀಯ ಸ್ಥಾನ

ಪಶ್ಚಿಮಘಟ್ಟಗಳ ಮೂಡಣ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 2500 ಅಡಿಗಳ ಎತ್ತರದಲ್ಲಿ ನೆಲೆಸಿರುವ ಮೈಸೂರು ನಗರಕ್ಕೆ ಕಡಲಗಾಳಿ ತಾಕುವುದಿಲ್ಲ. ಇಲ್ಲಿಯ ಜನರು ತಮ್ಮ ರಾಜ್ಯದ ಗತವೈಭವವನ್ನು ಸ್ಮರಿಸುವಾಗ ಕಣ್ಣಮುಂದೆ ತಂದುಕೊಳ್ಳುವುದು ವಿಜಯದಶಮಿಯ ದಿನ ಅರಮನೆಯ ಅಂಗಳದಿಂದ ಹೊರಡುವ ಆನೆ ಕುದುರೆಗಳನ್ನು, ಫಿರಂಗಿಗಳ ಗಂಭೀರ ಘೋಷವನ್ನು. ಹಾಯಿ ಬಿಚ್ಚಿದ ಹಡಗುಗಳನ್ನಲ್ಲ. ನಗರದಿಂದ ಒಂದು ಗಂಟೆಯೂ ಹಿಡಿಯದ ದಾರಿಯಲ್ಲಿರುವ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುಗೋಡೆಯನ್ನು ನೋಡಿದವರಿಗೆ ಈ ಭಾವನೆ ಇನ್ನಷ್ಟು ದೃಢವಾಗುವುದು ಸಹಜವೇ ಆಗಿದೆ. ಏಕೆಂದರೆ ಅಲ್ಲಿ ಚಿತ್ರಿತವಾಗಿರುವುದು 1780ರ ಪೊಳ್ಳಿಲೂರು ಕದನ. ಸೈನ್ಯವನ್ನು ನಡೆಯಿಸುವ ಹೈದರಾಲಿಯೂ ಅವನ ಮಗ ಟಿಪ್ಪುವೂ ಸಾಲುಗಟ್ಟಿದ ಪದಾತಿಗಳೂ ಆ ಗೋಡೆಯನ್ನು ತುಂಬಿದ್ದಾರೆ. ಆದರೆ ಅದೇ ದ್ವೀಪನಗರದಲ್ಲಿ, ಆ ಚಿತ್ರಗಳು ಮೂಡಿದ ಹನ್ನೆರಡು ವರ್ಷಗಳೊಳಗಾಗಿ, ಹಡಗುಗಳ ನಿರ್ಮಾಣವನ್ನೂ ನಾವಿಕರ ಶ್ರೇಣಿಗಳನ್ನೂ ವಿಧಿಸುವ ಒಂದು ಸಮಗ್ರ ಶಾಸನವು ಸಿದ್ಧವಾಯಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳನ್ನು ಬಿಟ್ಟರೆ ಇತರರು ಬಲ್ಲವರಾಗಿರುವುದು ವಿರಳ.

ಮೈಸೂರಿನ ನೌಕಾಬಲವನ್ನು ಕುರಿತು ಬರೆದವರು ಸಾಮಾನ್ಯವಾಗಿ ಹಡಗುಗಳ ಸಂಖ್ಯೆಯನ್ನೂ ಫಿರಂಗಿಗಳ ಗಾತ್ರವನ್ನೂ ಗಣಿಸುತ್ತಾರೆ. ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ಅದನ್ನಲ್ಲ. ನೌಕಾಧಿಪತಿಯ ಕೆಳಗೆ, ಹಡಗಿನ ನಾಯಕರ ಮೇಲೆ ಇರುವ ಆ ಎರಡನೆಯ ಅಧಿಕಾರದ ಸ್ಥಾನವನ್ನು. ಕೀರ್ತಿಯ ಪಾಲಿನಲ್ಲಿ ಕಿರಿದಾದರೂ ಹೊಣೆಯ ಭಾರದಲ್ಲಿ ಹಿರಿದಾದ ಆ ಸ್ಥಾನದ ಇತಿಹಾಸವನ್ನು ಅನುಸರಿಸಿ ಹೋದರೆ, ಮೈಸೂರಿನ ಕಡಲ ಸಾಹಸಗಳು ಏಕೆ ಮೇಲೆದ್ದವು, ಏಕೆ ಕುಸಿದವು ಎಂಬುದು ಬೇರೆ ಯಾವ ದಾರಿಯಲ್ಲಿ ಹೋದಾಗಲೂ ತಿಳಿಯದಷ್ಟು ಸ್ಪಷ್ಟವಾಗಿ ತಿಳಿಯುತ್ತದೆಂಬುದು ನನ್ನ ನಂಬಿಕೆ.

ನೆಲದ ಯುದ್ಧದಲ್ಲಿ ಸೇನಾಪತಿಯು ತನ್ನ ಮಾತನ್ನು ಕುದುರೆ ಸವಾರನೊಬ್ಬನ ಕೈಯಲ್ಲಿ ಕಳುಹಿಸಬಲ್ಲನು; ಅಗತ್ಯಬಿದ್ದರೆ ತಾನೇ ಬಲದಿಂದ ಎಡಕ್ಕೆ ಧಾವಿಸಬಲ್ಲನು. ಹಾಯಿಹಡಗುಗಳ ಕಾಲದ ನೌಕಾಧಿಪತಿಗೆ ಈ ಎರಡೂ ಸಾಧ್ಯವಿರಲಿಲ್ಲ. ಒಂದರ ಹಿಂದೊಂದಾಗಿ ಮೈಲಿಗಟ್ಟಲೆ ಹಬ್ಬಿದ ಹಡಗುಗಳ ಸಾಲಿನ ನಡುವೆ ಅವನು ಇರುತ್ತಿದ್ದನು. ಅವನ ಆಜ್ಞೆಯೆಲ್ಲವೂ ಪಟಸ್ತಂಭದ ಮೇಲೆ ಏರಿಸಿದ ಬಾವುಟಗಳ ಮೂಲಕವೇ ನಡೆಯಬೇಕಾಗಿತ್ತು. ಕದನ ಆರಂಭವಾದ ಕಾಲು ಗಂಟೆಯೊಳಗೆ ಮದ್ದಿನ ಹೊಗೆಯು ಆ ಬಾವುಟಗಳನ್ನು ಮುಚ್ಚಿಬಿಡುತ್ತಿತ್ತು; ಶತ್ರುವಿನ ಗುಂಡುಗಳೆಲ್ಲ ಅಧಿಪತಿಯ ಹಡಗನ್ನೇ ಹುಡುಕಿಕೊಂಡು ಬರುತ್ತಿದ್ದುದರಿಂದ ಬಾವುಟವನ್ನೇರಿಸುವ ಸ್ತಂಭವೇ ಮುರಿದು ಬೀಳುವುದೂ ಉಂಟು. ಅಂತಹ ಗಳಿಗೆಯಲ್ಲಿ, ಅಧಿಪತಿಯ ಮನೋಗತವನ್ನು ಮೊದಲೇ ಅರಿತು, ಆಜ್ಞೆಗಾಗಿ ಕಾಯದೆ ಸಾಲಿನ ಒಂದು ತುದಿಯನ್ನು ನಡೆಯಿಸಬಲ್ಲ ಮತ್ತೊಬ್ಬ ಸಮರ್ಥನಿರದಿದ್ದರೆ ನೌಕಾಪಡೆಯೆಂಬುದು ದಿಕ್ಕಿಗೊಂದಾಗಿ ತೇಲುವ ಮರದ ರಾಶಿ. ಈ ಕಾರಣದಿಂದಲೇ ಇಂಗ್ಲಿಷರು ಹದಿನೇಳನೆಯ ಶತಮಾನದಿಂದಲೂ ತಮ್ಮ ಪಡೆಯನ್ನು ಮೂರಾಗಿ ವಿಂಗಡಿಸಿ, ನಡುಭಾಗವನ್ನು ಅಡ್ಮಿರಲನಿಗೂ ಮುಂಚೂಣಿಯನ್ನು ವೈಸ್ ಅಡ್ಮಿರಲನಿಗೂ ಹಿಂಚೂಣಿಯನ್ನು ರಿಯರ್ ಅಡ್ಮಿರಲನಿಗೂ ಒಪ್ಪಿಸಿದರು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರಿನಲ್ಲಿ ನೆಲ್ಸನ್ ಗುಂಡೇಟಿನಿಂದ ಮಡಿದಾಗ, ಎರಡನೆಯ ಸಾಲನ್ನು ನಡೆಯಿಸುತ್ತಿದ್ದ ವೈಸ್ ಅಡ್ಮಿರಲ್ ಕಾಲಿಂಗ್‌ವುಡ್ ಅಧಿಪತ್ಯವನ್ನು ವಹಿಸಿಕೊಂಡನು. ಗೆದ್ದ ಕದನವು ಗೆದ್ದಂತೆಯೇ ಉಳಿಯಿತು. ನೂರು ವರ್ಷಗಳ ತರುವಾಯವೂ ಈ ಪದ್ಧತಿ ಮಾಸಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನ ಪ್ರಧಾನ ನೌಕಾಪಡೆಯಲ್ಲಿ ದ್ವಿತೀಯನಾಗಿದ್ದ ಜೆಲಿಕೋ ಕೆಲವೇ ಗಂಟೆಗಳಲ್ಲಿ ಪ್ರಥಮನಾದನು. ಎರಡು ವರ್ಷಗಳ ಮೇಲೆ ಜಟ್ಲೆಂಡಿನ ಕದನದಲ್ಲಿ ಅವನಿಗೆ ದ್ವಿತೀಯನಾಗಿದ್ದ ಸರ್ ಸೆಸಿಲ್ ಬರ್ನಿಯ ಮಾರ್ಲ್‌ಬರೋ ಎಂಬ ಹಡಗು ಟಾರ್ಪಿಡೋ ತಗುಲಿಯೂ ಸಾಲಿನಲ್ಲಿ ನಿಂತು ಹೋರಾಡಿತು.

ಕನ್ನಡ ನಾಡಿಗೆ ಕಡಲು ಹೊಸದೇನಲ್ಲ. ಇಮ್ಮಡಿ ಪುಲಕೇಶಿಯು ನೂರಾರು ನಾವೆಗಳಿಂದ ಪುರಿಯನ್ನು ಮುತ್ತಿದ ಸಂಗತಿಯನ್ನು ಐಹೊಳೆಯ ಶಾಸನ ಹೇಳುತ್ತದೆ. ವಿಜಯನಗರದ ಮೊದಲ ದೊರೆಗಳು ಪೂರ್ವ ಪಶ್ಚಿಮ ಸಮುದ್ರಗಳ ಅಧೀಶ್ವರರೆಂಬ ಬಿರುದನ್ನು ಧರಿಸಿದ್ದರು. 1510ರಲ್ಲಿ ಅಲ್ಬುಕರ್ಕ್ ಗೋವೆಯ ಮೇಲೆ ನಡೆದಾಗ ಹೊನ್ನಾವರದ ತಿಮ್ಮೋಜನ ಹಡಗುಗಳು ಅವನಿಗೆ ನೆರವಾದವು. ಆದರೆ ಮೈಸೂರಿನ ಅರಸೊತ್ತಿಗೆಗೆ ಕಡಲ ದರ್ಶನವಾದದ್ದು 1763ರಲ್ಲಿ, ಹೈದರಾಲಿಯು ಬಿದನೂರನ್ನು ಗೆದ್ದು, ಕೆಳದಿಯ ನಾಯಕರ ವಶದಲ್ಲಿದ್ದ ಹೊನ್ನಾವರ, ಬಸರೂರು, ಮಂಗಳೂರುಗಳೇ ಮೊದಲಾದ ಬಂದರುಗಳಿಗೆ ಒಡೆಯನಾದ ಮೇಲೆಯೇ.

ಹೈದರನು ಕೈಗೆ ಸಿಕ್ಕಿದ ಕಡಲನ್ನು ವ್ಯರ್ಥವಾಗಿ ಬಿಡುವ ಮನುಷ್ಯನಾಗಿರಲಿಲ್ಲ. ಬಂದರು ದೊರೆತೊಡನೆಯೇ ಹಡಗುಗಳನ್ನು ಕಟ್ಟಿಸಲು ತೊಡಗಿದನು. ಅವನ ಸೇವೆಯಲ್ಲಿದ್ದು ಅವನ ಚರಿತ್ರೆಯನ್ನು ಬರೆದ ಡಿ ಲಾ ಟೂರ್ ಎಂಬ ಫ್ರೆಂಚ್ ಅಧಿಕಾರಿಯ ಪ್ರಕಾರ, ಮಲೆಯಾಳ ಕರಾವಳಿಯ ದಂಡಯಾತ್ರೆಯ ಕಾಲದಲ್ಲಿ ಕಣ್ಣನೂರಿನ ಅಲಿ ರಾಜನನ್ನು ಮಹಾನೌಕಾಧಿಪತಿಯನ್ನಾಗಿಯೂ, ಅವನ ಸೋದರ ಷೇಕ್ ಅಲಿಯನ್ನು ಬಂದರುಗಳ ಮತ್ತು ಕಡಲ ವ್ಯವಹಾರಗಳ ಮೇಲ್ವಿಚಾರಕನನ್ನಾಗಿಯೂ ಹೈದರನು ನೇಮಿಸಿದನು. ಮೈಸೂರಿನ ನೌಕಾಬಲದಲ್ಲಿ ಮೊದಲನೆಯವನೂ ಅವನ ಮಗ್ಗುಲಲ್ಲಿ ಎರಡನೆಯವನೂ ಕಾಣಿಸುವುದು ಇಲ್ಲಿಯೇ. ಈ ಏರ್ಪಾಡಿನ ಗುಣ ದೋಷಗಳೆರಡೂ ಒಂದೇ ಬೇರಿನಿಂದ ಹುಟ್ಟಿದವು. ಕಣ್ಣನೂರಿನ ಆ ಮನೆತನವು ತಲೆತಲಾಂತರದಿಂದ ಕಡಲ ವ್ಯಾಪಾರದಲ್ಲಿ ಪಳಗಿದ್ದಿತು. ಆದುದರಿಂದ ಸೋದರರಿಬ್ಬರೂ ತಮ್ಮ ಕೆಲಸವನ್ನು ಬಲ್ಲವರು. ಆದರೆ ಪ್ರಥಮ ದ್ವಿತೀಯ ಸ್ಥಾನಗಳೆರಡೂ ಒಂದೇ ಮನೆಗೆ ಸೇರಿದ್ದರಿಂದ, ಮನೆಯ ಹಿರಿಯನ ಮೇಲೆ ದೊರೆಗೆ ಮುನಿಸು ಬಂದ ದಿನ ಎರಡನೆಯವನು ಒದಗುವಂತಿರಲಿಲ್ಲ. ಹಾಗೆಯೇ ಆಯಿತೆಂದು ಡಿ ಲಾ ಟೂರ್ ಹೇಳುತ್ತಾನೆ: ಮಾಲ್ದೀವಿನ ಸುಲ್ತಾನನನ್ನು ಅಲಿ ರಾಜನು ಕಣ್ಣು ಕೀಳಿಸಿ ಕರೆತಂದುದನ್ನು ಕಂಡು ಕನಲಿದ ಹೈದರನು, ಆ ಕುರುಡ ಸುಲ್ತಾನನಲ್ಲಿ ಕ್ಷಮೆ ಬೇಡಿ, ಅಲಿ ರಾಜನಿಂದ ಅಧಿಪತ್ಯವನ್ನು ಕಿತ್ತುಕೊಂಡು ಸ್ಟಾನೆಟ್ ಎಂಬ ಇಂಗ್ಲಿಷನಿಗೆ ಕೊಟ್ಟನಂತೆ. ಮಾಲ್ದೀವಿನ ಕಥೆಯ ವಿವರಗಳನ್ನು ವಿದ್ವಾಂಸರು ಶಂಕಿಸಿದ್ದಾರೆ. ಆದರೆ ಅಧಿಪತ್ಯವು ಹೀಗೆ ಕೈಯಿಂದ ಕೈಗೆ ದಾಟುತ್ತ ಹೋಗಿ, ಯಾರ ಕೆಳಗೂ ಒಂದು ಸ್ಥಿರವಾದ ನಡುಶ್ರೇಣಿ ಬೇರೂರಲಿಲ್ಲವೆಂಬುದಕ್ಕೆ ಮುಂದಿನ ಘಟನೆಯೇ ಸಾಕ್ಷಿಯಾಗಿದೆ.

ಆ ಘಟನೆ ನಡೆದದ್ದು 1768ರ ಆದಿಭಾಗದಲ್ಲಿ. ಹೈದರನು ಮೂಡಣ ಸೀಮೆಯಲ್ಲಿ ಮದರಾಸಿನ ಇಂಗ್ಲಿಷರೊಡನೆ ಸೆಣಸುತ್ತಿರುವ ಸಮಯವನ್ನು ನೋಡಿ ಮುಂಬಯಿಯ ಇಂಗ್ಲಿಷರು ಕರಾವಳಿಯ ಮೇಲೆ ಪಡೆಯನ್ನು ಕಳುಹಿಸಿದರು. ಹೈದರನ ಪಕ್ಷದಲ್ಲಿ ಆಗ ಎರಡು ಹಡಗುಗಳು, ಗುರಾಬುಗಳೆಂಬ ಎರಡು ಯುದ್ಧನಾವೆಗಳು, ಗಲಬತ್ತುಗಳೆಂಬ ಹತ್ತು ಸಣ್ಣ ನಾವೆಗಳಿದ್ದವು. ಅಲ್ಪವಾದರೂ ಅಳಿವೆಗಳ ಆಳವನ್ನೂ ಕರಾವಳಿಯ ಗಾಳಿಯನ್ನೂ ಬಲ್ಲ ನಾಖುದರ ಕೈಯಲ್ಲಿದ್ದ ಬಲವದು. ಬಂದರುಗಳ ಕೋಟೆಗಳ ಆಸರೆಯಲ್ಲಿ ನಿಂತಿದ್ದರೆ ಶತ್ರುವನ್ನು ಮಳೆಗಾಲದವರೆಗೆ ತಡೆಯುವುದಕ್ಕೇನೂ ಅಡ್ಡಿಯಿರಲಿಲ್ಲ. ಆದರೆ ಹೈದರನು ಆ ನಾವೆಗಳೆಲ್ಲದರ ಮೇಲೆ ಲುತ್ಫ್ ಅಲಿ ಬೇಗನೆಂಬ ಅಶ್ವದಳದ ಸರದಾರನನ್ನು ತಂದು ಕೂರಿಸಿದ್ದನು. ಕಡಲಿನಲ್ಲಿಯೇ ತಲೆ ನರೆಸಿಕೊಂಡ ಹಡಗಿನ ನಾಯಕರಿಗೆ ಇದು ಸಹಿಸಲಾಗದ ಅವಮಾನವಾಗಿ ಕಂಡಿತು. ಹೊನ್ನಾವರದ ಬಳಿ ಇಂಗ್ಲಿಷ್ ಪಡೆ ಎದುರಾದಾಗ, ಒಂದು ಗುಂಡೂ ಹಾರಿಸದೆ, ಹೈದರನ ನಾವೆಗಳು ಶತ್ರುವಿನೊಡನೆ ಸೇರಿಕೊಂಡವು. ಹೊನ್ನಾವರವೂ, ಅದರ ಎದುರಿನ ಬಸವರಾಜದುರ್ಗದ ದ್ವೀಪಕೋಟೆಯೂ, ಮಂಗಳೂರೂ ಇಂಗ್ಲಿಷರ ವಶವಾದವು. ಕೆಲವೇ ತಿಂಗಳುಗಳಲ್ಲಿ ಮೈಸೂರಿನ ಸೇನೆ ಘಟ್ಟವಿಳಿದು ನೆಲವನ್ನು ಹಿಂದಕ್ಕೆ ಪಡೆಯಿತು; ಹೋದ ಹಡಗುಗಳು ಹೋದವು.

ಈ ಪ್ರಕರಣದ ವಿಷಯದಲ್ಲಿ ಇತಿಹಾಸಕಾರರು ನಾಯಕರ ದ್ರೋಹವನ್ನು ನಿಂದಿಸುವುದುಂಟು. ಮತ್ತೆ ಕೆಲವರು ಹೈದರನ ಅವಿವೇಕವನ್ನು ಎತ್ತಿ ಆಡುವುದುಂಟು. ನನಗೆ ತೋರುವುದು ಹೀಗೆ. ದೊರೆಯು ತನಗೆ ನಂಬಿಕೆಯುಳ್ಳವನೊಬ್ಬನನ್ನು ಮೇಲಿನ ಸ್ಥಾನದಲ್ಲಿ ಇರಿಸುವುದರಲ್ಲಿ ಅಸಹಜವಾದುದೇನೂ ಇಲ್ಲ. ಇಂಗ್ಲೆಂಡಿನಲ್ಲಿಯೂ ಕ್ರಾಮ್‌ವೆಲ್ಲನ ಕಾಲದಲ್ಲಿ ನೆಲದ ಸೈನ್ಯದಿಂದ ಬಂದ ಬ್ಲೇಕ್ ಮೊದಲಾದವರು ಹಡಗುಪಡೆಗಳನ್ನು ನಡೆಯಿಸಿ ಗೆದ್ದಿದ್ದಾರೆ. ಅಂತಹವನಿಗೆ ಬೇಕಾಗಿದ್ದುದು ಕಡಲಿನವನೇ ಆದ ಒಬ್ಬ ದ್ವಿತೀಯ: ಅಧಿಪತಿಯ ಆಜ್ಞೆಯನ್ನು ನಾವಿಕರ ಭಾಷೆಗೆ ತಿರುಗಿಸಿ ಹೇಳುವವನು, ನಾವಿಕರ ಅಳಲನ್ನು ಅಧಿಪತಿಯ ಕಿವಿಗೆ ಮುಟ್ಟಿಸುವವನು, ತನ್ನ ಮಾತಿನ ತೂಕದಿಂದ ಇತರ ನಾಯಕರನ್ನು ಹಿಡಿದು ನಿಲ್ಲಿಸಬಲ್ಲವನು. ಖಲಾಸಿಗಳ ಮಟ್ಟದಲ್ಲಿ ಈ ಏರ್ಪಾಡು ನಮ್ಮ ಕರಾವಳಿಯಲ್ಲಿ ಸರ್ವಸಾಮಾನ್ಯವಾಗಿತ್ತು. ಖಲಾಸಿಗಳ ಮುಖ್ಯಸ್ಥನಾದ ಸಾರಂಗನ ಕೈಕೆಳಗೆ ಅವನ ದ್ವಿತೀಯನಾದ ತಾಂಡೇಲನಿಲ್ಲದೆ ದೊಡ್ಡ ಹಡಗೊಂದು ಲಂಗರು ಎತ್ತುತ್ತಿರಲಿಲ್ಲ. ಹಗ್ಗ ಎಳೆಯುವವರಿಗೆ ಅಗತ್ಯವೆಂದು ಕಂಡ ದ್ವಿತೀಯ ಸ್ಥಾನವು ಇಡೀ ಪಡೆಗೆ ಅಗತ್ಯವೆಂದು ಯಾರಿಗೂ ತೋರದೆ ಹೋದುದೇ ಮೈಸೂರಿನ ಮೊದಲ ನೌಕಾಬಲದ ದುರಂತ. ಹೈದರನು ಮತ್ತೆ ಹಡಗುಗಳನ್ನು ಕಟ್ಟಿಸಿದನು. 1780ರ ಡಿಸೆಂಬರ್ 8ರಂದು ಸರ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಅಳಿವೆಗೆ ನುಗ್ಗಿ ಅವುಗಳನ್ನೂ ಸುಟ್ಟು ಹಾಳುಮಾಡಿದನು.

ಸ್ವಂತ ಹಡಗುಗಳಿಲ್ಲದ ಹೈದರನು ಇನ್ನು ಫ್ರೆಂಚರ ಹಡಗುಗಳನ್ನು ನಿರೀಕ್ಷಿಸಬೇಕಾಯಿತು. ದ್ವಿತೀಯ ಸ್ಥಾನದ ಮಹತ್ತ್ವವು ಮೈಸೂರಿನ ಇತಿಹಾಸದಲ್ಲಿ ಅತ್ಯಂತ ಪ್ರಖರವಾಗಿ ಬೆಳಗುವುದು ಇಲ್ಲಿಯೇ ಆದುದರಿಂದ ಈ ಭಾಗವನ್ನು ನಿಧಾನವಾಗಿ ನೋಡುವುದು ಉಚಿತ. 1781ರ ಜನವರಿಯಲ್ಲಿ ಡಿ ಓರ್ವ್ಸ್ ಎಂಬ ಫ್ರೆಂಚ್ ಅಧಿಪತಿಯು ಮಾರಿಷಸ್ಸಿನಿಂದ ತನ್ನ ಪಡೆಯೊಡನೆ ಚೋಳಮಂಡಲ ತೀರಕ್ಕೆ ಬಂದನು. ಪೊಳ್ಳಿಲೂರಿನ ವಿಜಯ ಇನ್ನೂ ಹಸಿಯಾಗಿತ್ತು. ಇಂಗ್ಲಿಷ್ ಸೇನಾಪತಿ ಸರ್ ಐರ್ ಕೂಟ್ ಕಡಲೂರಿನ ಸುತ್ತ ಸಿಕ್ಕಿಕೊಂಡು, ನೆಲದ ದಾರಿಗಳನ್ನೆಲ್ಲ ಹೈದರನ ಸವಾರರು ಮುಚ್ಚಿದ್ದರಿಂದ, ಅನ್ನಕ್ಕಾಗಿ ಕಡಲನ್ನೇ ನೆಚ್ಚಿದ್ದನು. ಹ್ಯೂಸನ ಹಡಗುಗಳು ಆಗ ಪಡುವಣ ತೀರದಲ್ಲಿದ್ದವು. ಫ್ರೆಂಚರು ಕೆಲವು ವಾರ ಆ ತೀರವನ್ನು ಕಾದು ನಿಂತಿದ್ದರೆ ಕೂಟನ ಸೈನ್ಯವು ಹಸಿವಿನಿಂದಲೇ ಶರಣಾಗುತ್ತಿತ್ತು. ಹೈದರನು ಬೇಡಿದನು, ಒತ್ತಾಯಿಸಿದನು, ಬೇಕಾದ ನೆರವೆಲ್ಲವನ್ನೂ ಕೊಡುವೆನೆಂದನು. ಡಿ ಓರ್ವ್ಸ್ ಯಾವುದಕ್ಕೂ ಮಣಿಯದೆ ಫೆಬ್ರವರಿ ಮಧ್ಯದಲ್ಲಿ ಹಾಯಿ ಬಿಚ್ಚಿ ಮಾರಿಷಸ್ಸಿಗೆ ಹಿಂದಿರುಗಿದನು. ಜುಲೈ 1ರಂದು ಪರಂಗಿಪೇಟೆಯ ಕದನದಲ್ಲಿ ಅದೇ ಕೂಟ್ ಹೈದರನನ್ನು ಸೋಲಿಸಿದನು. ಎರಡನೆಯ ಮೈಸೂರು ಯುದ್ಧದ ಗತಿಯು ತಿರುಗಿದ ಗಳಿಗೆಯು ಯಾವುದೆಂದು ಕೇಳಿದರೆ, ಆ ಫೆಬ್ರವರಿಯ ಗಳಿಗೆಯನ್ನೇ ನಾನು ತೋರಿಸುವೆನು.

ಆ ವರ್ಷದ ಕೊನೆಯಲ್ಲಿ ಅದೇ ಡಿ ಓರ್ವ್ಸ್ ಮತ್ತೆ ಹೊರಟನು. ಈ ಸಲ ಅವನ ಕೆಳಗೆ ದ್ವಿತೀಯನಾಗಿ ಸಫ್ರೆನ್ ಎಂಬ, ಸ್ಥೂಲಕಾಯದ, ಉಗ್ರಸ್ವಭಾವದ, ಕಡಲ ಯುದ್ಧದಲ್ಲಿ ಅಸಾಮಾನ್ಯನಾದ ಅಧಿಕಾರಿಯಿದ್ದನು. ದಾರಿಯಲ್ಲಿ ಕಾಯಿಲೆಬಿದ್ದ ಡಿ ಓರ್ವ್ಸ್ 1782ರ ಫೆಬ್ರವರಿ 9ರಂದು ತೀರಿಕೊಂಡನು. ಪ್ಯಾರಿಸ್ಸಿಗೆ ಬರೆದು ಉತ್ತರಕ್ಕಾಗಿ ಕಾಯುವ ಅವಶ್ಯಕತೆಯೇ ಬೀಳಲಿಲ್ಲ. ದ್ವಿತೀಯನು ಪ್ರಥಮನಾದನು, ಪಡೆಯು ಒಂದು ದಿನವೂ ನಿಲ್ಲದೆ ಮುಂದುವರಿಯಿತು. ಎಂಟು ದಿನಗಳ ಮೇಲೆ, ಫೆಬ್ರವರಿ 17ರಂದು, ಮಹಾಬಲಿಪುರದ ಸಮೀಪದ ಸದ್ರಾಸಿನ ಎದುರು ಸಫ್ರೆನ್ ಹನ್ನೊಂದು ಹಡಗುಗಳೊಡನೆ ಹ್ಯೂಸನ ಒಂಬತ್ತು ಹಡಗುಗಳ ಮೇಲೆ ಬಿದ್ದನು.

ಈ ಕದನದಲ್ಲಿ ಎರಡೂ ಪಕ್ಷಗಳ ದ್ವಿತೀಯರು ಪರೀಕ್ಷೆಗೆ ಒಳಗಾದರು. ಸಫ್ರೆನನ ಉದ್ದೇಶ ಸರಳವೂ ಭಯಂಕರವೂ ಆಗಿತ್ತು: ಇಂಗ್ಲಿಷ್ ಸಾಲಿನ ಹಿಂಭಾಗದ ಐದು ಹಡಗುಗಳನ್ನು ಎರಡು ಕಡೆಯಿಂದಲೂ ಸುತ್ತಿ ಪುಡಿಮಾಡುವುದು, ಮುಂಭಾಗದ ಹಡಗುಗಳು ಗಾಳಿಗೆ ಎದುರಾಗಿ ತಿರುಗಿ ಬರುವಷ್ಟರಲ್ಲಿ ಕೆಲಸ ಮುಗಿಸುವುದು. ಒಂದು ಕಡೆಯನ್ನು ತಾನು ಹಿಡಿದು, ಸಾಲಿನ ಹಿಂಭಾಗವನ್ನು ನಡೆಯಿಸುತ್ತಿದ್ದ ದ್ವಿತೀಯ ಟ್ರೊಮೆಲಿನನಿಗೆ ಶತ್ರುವಿನ ಸಮೀಪಕ್ಕೆ ಬರುವಂತೆ ಸಂಕೇತ ಮಾಡಿದನು. ಟ್ರೊಮೆಲಿನ್ ಬರಲಿಲ್ಲ. ಅವನ ಅನಿಬಾಲ್ ಎಂಬ ಹಡಗೂ ಅವನನ್ನು ನೋಡಿ ನಡೆಯುತ್ತಿದ್ದ ಇತರ ಹಡಗುಗಳೂ ದೂರದಿಂದಲೇ ಗುಂಡು ಹಾರಿಸುತ್ತ ಉಳಿದವು. ಇತ್ತ ಇಂಗ್ಲಿಷ್ ಸಾಲಿನ ಕೊನೆಯಲ್ಲಿದ್ದ ಎಕ್ಸಿಟರ್ ಎಂಬ ಹಡಗಿನಲ್ಲಿ ಹ್ಯೂಸನ ದ್ವಿತೀಯನಾದ ಕೊಮೊಡೋರ್ ರಿಚರ್ಡ್ ಕಿಂಗ್ ಇದ್ದನು. ಫ್ರೆಂಚರ ಮೊದಲ ಹೊಡೆತವೆಲ್ಲವೂ ಅವನ ಮೇಲೆಯೇ ಬಿತ್ತು. ಹಡಗಿನ ನಾಯಕ ರೆನಾಲ್ಡ್ಸ್ ಅವನ ಮಗ್ಗುಲಲ್ಲಿಯೇ ಹತನಾದನು. ಹಡಗು ಮುಳುಗುವ ಸ್ಥಿತಿಗೆ ಬಂದಿತು. ಕಿಂಗ್ ಸಾಲನ್ನು ಬಿಡಲಿಲ್ಲ. ಸಂಜೆಯಾಗಿ ಗಾಳಿ ತಿರುಗಿ ಕದನ ನಿಂತಾಗ ಹ್ಯೂಸನ ಒಂಬತ್ತು ಹಡಗುಗಳೂ ತೇಲುತ್ತಿದ್ದವು. ಭೂಮಿಯ ಮೇಲಿನ ಅತ್ಯುತ್ತಮ ನೌಕಾಧಿಪತಿಗಳಲ್ಲಿ ಒಬ್ಬನೆಂದು ಶತ್ರುಗಳೇ ಹೊಗಳಿದ ಸಫ್ರೆನನು ಬಂಗಾಳಕೊಲ್ಲಿಯಲ್ಲಿ ನಡೆಸಿದ ಐದು ಕದನಗಳಲ್ಲಿ ಒಂದರಲ್ಲಿಯೂ ಸಂಪೂರ್ಣ ವಿಜಯವನ್ನು ಕಾಣದೆ ಹೋದುದಕ್ಕೆ, ದ್ವಿತೀಯನಾಗಿ ತಾನು ತೋರಿದ ಗುಣವನ್ನು ತನ್ನ ದ್ವಿತೀಯನಲ್ಲಿ ಕಾಣದೆ ಹೋದುದೇ ಮುಖ್ಯ ಕಾರಣ. ಅದೇ ಸೆಪ್ಟೆಂಬರಿನಲ್ಲಿ ತ್ರಿಂಕೋಮಲೈ ಕದನವಾದ ಮೇಲೆ ಟ್ರೊಮೆಲಿನ್ ಪಡೆಯನ್ನು ಬಿಟ್ಟು ಮಾರಿಷಸ್ಸಿಗೆ ಹಿಂದಿರುಗಿದನು.

ಹೈದರನು ಸಫ್ರೆನನನ್ನು ಕಂಡದ್ದು 1782ರ ಜುಲೈ ಕೊನೆಯಲ್ಲಿ, ಕಡಲೂರಿನ ಬಳಿ. ಹಿಂದಿನ ವರ್ಷ ತನ್ನನ್ನು ಕೈಬಿಟ್ಟು ಹೋದವನ ಪಡೆಯನ್ನೇ ಈಗ ನಡೆಯಿಸುತ್ತಿದ್ದ ಈ ಮನುಷ್ಯನನ್ನು ನೋಡಲು ವೃದ್ಧನಾದ, ರೋಗಪೀಡಿತನಾದ ನವಾಬನು ತನ್ನ ಸೈನ್ಯದೊಡನೆ ದೂರದಿಂದ ಬಂದು ಪಾಳೆಯ ಇಳಿದಿದ್ದನು. ಮಹಾ ವೈಭವದಿಂದ ಅವನನ್ನು ಸತ್ಕರಿಸಿದನು. ಅದೇ ಡಿಸೆಂಬರ್ 7ರಂದು ಹೈದರನು ತೀರಿಕೊಂಡನು.

ಟಿಪ್ಪುವು ಈ ಪಾಠಗಳನ್ನು ಎಷ್ಟರ ಮಟ್ಟಿಗೆ ಮನಸ್ಸಿಗೆ ತಂದುಕೊಂಡಿದ್ದನೆಂಬುದು ಅವನ 1796ರ ಹುಕುಂನಾಮೆಯಿಂದ ವ್ಯಕ್ತವಾಗುತ್ತದೆ. ಅದುವರೆಗೆ ಅವನ ಹಡಗುಗಳು ವ್ಯಾಪಾರ ಇಲಾಖೆಯ ಅಧೀನದಲ್ಲಿದ್ದು, ಸರಕು ಸಾಗಿಸುವುದೂ ಕಡಲ್ಗಳ್ಳರಿಂದ ಅದನ್ನು ರಕ್ಷಿಸುವುದೂ ಅವುಗಳ ಪ್ರಧಾನ ಕಾರ್ಯವಾಗಿತ್ತು. ಇಂಗ್ಲಿಷರೊಡನೆ ಮಾಡಿಕೊಂಡ 1792ರ ಒಪ್ಪಂದದಿಂದ ಅರ್ಧ ರಾಜ್ಯವನ್ನೂ ಮಲೆಯಾಳದ ತೀರವನ್ನೂ ಕಳೆದುಕೊಂಡ ಮೇಲೆ, ಉಳಿದ ಕೆನರಾ ಕರಾವಳಿಯನ್ನು ಹಿಡಿದುಕೊಂಡೇ ಅವನು ನೌಕಾಬಲವನ್ನು ಪ್ರತ್ಯೇಕ ಇಲಾಖೆಯಾಗಿ ಕಟ್ಟಹೊರಟನು. ಪರ್ಷಿಯನ್ನಿನಲ್ಲಿರುವ ಆ ಶಾಸನದ ಸಾರವನ್ನು, ಶ್ರೀರಂಗಪಟ್ಟಣದ ಪತನಾನಂತರ, ವಿಲಿಯಂ ಕರ್ಕ್‌ಪ್ಯಾಟ್ರಿಕನು 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಗಳ ಸಂಪುಟದಲ್ಲಿ ಕೊಟ್ಟಿದ್ದಾನೆ. ಇಪ್ಪತ್ತು ದೊಡ್ಡ ಯುದ್ಧನೌಕೆಗಳೂ ಇಪ್ಪತ್ತು ಫ್ರಿಗೇಟುಗಳೂ ಕೂಡಿ ನಲವತ್ತು ಹಡಗುಗಳು. ಅವುಗಳ ನಿರ್ಮಾಣಕ್ಕೆ ಮಂಗಳೂರು, ಮಿರ್ಜಾನಿನ ಅಳಿವೆ ಮೊದಲಾದೆಡೆಗಳಲ್ಲಿ ಕಾರ್ಖಾನೆಗಳು. ಹುಳು ಕೊರೆಯದಂತೆ ತಳಕ್ಕೆ ತಾಮ್ರದ ತಗಡು. ಇವೆಲ್ಲದರ ಮೇಲೆ ಶ್ರೀರಂಗಪಟ್ಟಣದಲ್ಲಿ ಮೀರ್ ಯಮ್ ಎಂಬ ಹೆಸರಿನ ಹನ್ನೊಂದು ಮಂದಿಯ ಒಂದು ನೌಕಾಮಂಡಲಿ.

ನನ್ನ ವಿಷಯಕ್ಕೆ ಮುಖ್ಯವಾದುದು ಅದರ ಕೆಳಗಿನ ಹಂತ. ಹನ್ನೊಂದು ಮೀರ್ ಯಮರ ಕೆಳಗೆ ಮೂವತ್ತು ಮಂದಿ ಮೀರ್ ಬಹ್ರರು. ಇವರಲ್ಲಿ ಇಪ್ಪತ್ತು ಮಂದಿ ಕಡಲಿನಲ್ಲಿರತಕ್ಕದ್ದು. ನಾಲ್ಕು ನಾಲ್ಕು ಹಡಗುಗಳ ಹತ್ತು ದಳಗಳಿಗೆ, ದಳಕ್ಕೆ ಇಬ್ಬರಂತೆ. ಮಿಕ್ಕ ಹತ್ತು ಮಂದಿ ಆಸ್ಥಾನದಲ್ಲಿದ್ದು ಶಿಕ್ಷಣ ಪಡೆಯತಕ್ಕದ್ದು. ದಳಕ್ಕೆ ಒಬ್ಬನೇ ಸಾಲದೆ ಇಬ್ಬರೇಕೆಂದು ಕೇಳಿದರೆ, ಒಬ್ಬನ ಹಡಗು ಒಡೆದರೂ ದಳವು ಅನಾಥವಾಗದಿರಲೆಂಬುದಲ್ಲದೆ ಬೇರೆ ಉತ್ತರವು ನನಗೆ ತೋರದು. ಹತ್ತು ಮಂದಿಯನ್ನು ಕಾದಿರಿಸಿ ಕಲಿಸುವುದೇಕೆಂದು ಕೇಳಿದರೆ, ತೆರವಾದ ಸ್ಥಾನಕ್ಕೆ ಅಶ್ವದಳದಿಂದ ಮನುಷ್ಯನನ್ನು ತರುವ ಪ್ರಸಂಗ ಮತ್ತೆ ಬಾರದಿರಲೆಂದು. ಹಡಗಿನ ಒಳಗೂ ಇದೇ ವಿಚಾರ ಮುಂದುವರಿಯುತ್ತದೆ. ಪ್ರತಿಯೊಂದು ಹಡಗಿಗೆ ನಾಲ್ವರು ಸರದಾರರು: ಮೊದಲನೆಯವನು ಹಡಗಿನ ಒಡೆತನಕ್ಕೆ, ಎರಡನೆಯವನು ಫಿರಂಗಿಗಳಿಗೂ ಮದ್ದಿಗೂ ಗೋಲಂದಾಜರಿಗೂ, ಮೂರನೆಯವನು ಬಂದೂಕಿನ ಸಿಪಾಯಿಗಳಿಗೆ, ನಾಲ್ಕನೆಯವನು ಹಾಯಿ ಲಂಗರುಗಳಿಗೂ ಖಲಾಸಿಗಳಿಗೂ. ಎ‌ರಡನೆಯವನು ಮೊದಲನೆಯವನ ನೆರಳಾಗಿ ಸುಮ್ಮನೆ ನಿಲ್ಲುವವನಲ್ಲ. ಹಡಗಿನ ಪ್ರಾಣವಾದ ಫಿರಂಗಿಗಳು ಅವನ ಕೈಯಲ್ಲಿವೆ. 1768ರಲ್ಲಿ ಒಬ್ಬ ಮನುಷ್ಯನ ಮೇಲಿನ ಅಸಮಾಧಾನದಿಂದ ಪಡೆಯೇ ಕಳಚಿಹೋದ ರಾಜ್ಯದಲ್ಲಿ, ಇಪ್ಪತ್ತೆಂಟು ವರ್ಷಗಳ ತರುವಾಯ, ಅಧಿಕಾರವನ್ನು ಹೀಗೆ ಹಂತಹಂತವಾಗಿ ಹಂಚಿ ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ. ಟಿಪ್ಪುವಿನ ಆಡಳಿತದ ಅನೇಕ ನವೀನತೆಗಳನ್ನು ಅವನ ಚಾಪಲ್ಯವೆಂದು ತಳ್ಳಿಹಾಕಿದ ಇಂಗ್ಲಿಷ್ ಬರಹಗಾರರಿದ್ದಾರೆ. ಈ ಏರ್ಪಾಡಿನ ಮಟ್ಟಿಗೆ ಆ ತೀರ್ಪನ್ನು ನಾನು ಒಪ್ಪಲಾರೆ.

ಇದರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಕಡಲಿನ ಅಧಿಕಾರಿಗಳಿಗೆ ಕಾವೇರಿಯ ನಡುಗಡ್ಡೆಯಲ್ಲಿ ಶಿಕ್ಷಣ ಕೊಡುವುದೆಂದರೆ, ಲೆಕ್ಕ ಪತ್ರಗಳನ್ನು ಕಲಿಸಬಹುದೇ ಹೊರತು ಮುಂಗಾರಿನ ಅಲೆಯಲ್ಲಿ ಚುಕ್ಕಾಣಿ ಹಿಡಿಯುವುದನ್ನು ಕಲಿಸಲಾಗದು. ಮೇಲಿನ ಹನ್ನೊಂದು ಮಂದಿಯ ಅಪ್ಪಣೆಯು ಘಟ್ಟಗಳನ್ನಿಳಿದು ಮಂಗಳೂರನ್ನು ಮುಟ್ಟಲು ದಿನಗಳು ಬೇಕು. ಗಾಳಿಯು ಅಷ್ಟು ದಿನ ಕಾಯುವುದಿಲ್ಲ. ಕಡಲತೀರದಲ್ಲಿಯೇ ಒಬ್ಬ ಹಿರಿಯ ಮೀರ್ ಬಹ್ರನಿಗೆ ಮೀರ್ ಯಮರ ಪ್ರತಿನಿಧಿಯಾಗಿ ಪೂರ್ಣಾಧಿಕಾರ ಕೊಟ್ಟಿದ್ದರೆ ಏರ್ಪಾಡು ಹೆಚ್ಚು ಗಟ್ಟಿಯಾಗುತ್ತಿತ್ತು. ಆದರೆ ದೋಷಗಳು ಅನುಭವದಿಂದ ತಿದ್ದುಪಡಿಯಾಗಲು ಕಾಲಾವಕಾಶವೇ ದೊರೆಯಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು, ಟಿಪ್ಪು ಮಡಿದನು. ನಲವತ್ತು ಹಡಗುಗಳ ಪಡೆಯು ಕಡಲಿಗಿಳಿಯಲೇ ಇಲ್ಲ.

ಆ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಗಿ ನಗರವು ಮತ್ತೆ ರಾಜಧಾನಿಯಾಯಿತಾದರೂ, ಕೆನರಾ ಕರಾವಳಿಯನ್ನು ಈಸ್ಟ್ ಇಂಡಿಯಾ ಕಂಪನಿಯು ತನ್ನಲ್ಲಿಯೇ ಇರಿಸಿಕೊಂಡಿತು. ಒಂದೂವರೆ ಶತಮಾನಕ್ಕೂ ಮಿಕ್ಕಿ ಮೈಸೂರಿಗೆ ಬಂದರಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾರವಾರದಿಂದ ಮಂಗಳೂರಿನವರೆಗಿನ ತೀರವು ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಹತ್ತು ತಿಂಗಳು ತುಂಬುವ ಮೊದಲೇ, 1957ರ ಆಗಸ್ಟ್ 29ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಲ್ಲಿ, ಹಿಂದೆ ನೈಜೀರಿಯಾ ಎಂದು ಹೆಸರಾಗಿದ್ದ ಕ್ರೂಸರೊಂದು ಐಎನ್‌ಎಸ್ ಮೈಸೂರು ಎಂಬ ಹೆಸರಿನಿಂದ ಭಾರತೀಯ ನೌಕಾಪಡೆಯನ್ನು ಸೇರಿತು. ಅದರ ಲಾಂಛನದಲ್ಲಿ ಒಡೆಯರ ಗಂಡಭೇರುಂಡವಿತ್ತು; ಅದರ ಧ್ಯೇಯವಾಕ್ಯವು, ಎಂದಿಗೂ ಅಂಜದವನನ್ನು ಕುರಿತು ತೈತ್ತಿರೀಯೋಪನಿಷತ್ತು ಹೇಳುವ ನುಡಿ.

ಈ ಹಡಗಿನಲ್ಲಿ ದ್ವಿತೀಯ ಸ್ಥಾನದ ಪ್ರಶ್ನೆಗೆ ಆಧುನಿಕ ಕಾಲವು ಕಂಡುಕೊಂಡ ಪರಿಹಾರವನ್ನು ಕಾಣಬಹುದಾಗಿತ್ತು. ಪಡೆಯ ಅಧಿಪತಿಯ ಬಾವುಟವು ಹಡಗಿನ ಮೇಲೆ ಹಾರುತ್ತಿದ್ದರೂ ಹಡಗು ಅದರ ಕ್ಯಾಪ್ಟನ್ನನದೇ. ಕ್ಯಾಪ್ಟನ್ನನ ಕೆಳಗೆ ಎಕ್ಸಿಕ್ಯುಟಿವ್ ಆಫೀಸರ್, ಎಂದರೆ ಹಡಗಿನ ದಿನನಿತ್ಯದ ಶಿಸ್ತು, ತರಬೇತು, ನೈರ್ಮಲ್ಯ, ಯುದ್ಧಸಿದ್ಧತೆಗಳೆಲ್ಲಕ್ಕೂ ಹೊಣೆಗಾರನಾದ ಎರಡನೆಯವನು. ಅವನ ಜೊತೆಗೆ ಎಂಜಿನ್ನು, ವಿದ್ಯುತ್ತು, ಸರಬರಾಜುಗಳ ಮುಖ್ಯಸ್ಥರು. ಕ್ಯಾಪ್ಟನ್ ಬಿದ್ದರೆ ಯಾರ ಅಪ್ಪಣೆಗೂ ಕಾಯದೆ ಎರಡನೆಯವನು ಹಡಗನ್ನು ನಡೆಯಿಸುತ್ತಾನೆ. ಮುಂದೆ ಹಡಗಿನ ಒಡೆತನಕ್ಕೆ ಬರುವವನು ಈ ಸ್ಥಾನದಲ್ಲಿ ನುರಿತಿರಬೇಕೆಂಬುದು ನೌಕಾಪಡೆಯಲ್ಲಿ ಬೇರೂರಿದ ಸಂಪ್ರದಾಯ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಅಧಿಪತಿ ರಿಯರ್ ಅಡ್ಮಿರಲ್ ಇ. ಸಿ. ಕುರುವಿಲ್ಲ ಅವರ ಬಾವುಟವು ಮೈಸೂರಿನ ಮೇಲೆ ಹಾರುತ್ತಿತ್ತು. ಅವರ ಮೇಲೆ ಮುಂಬಯಿಯಲ್ಲಿ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾದ ವೈಸ್ ಅಡ್ಮಿರಲ್ ಎಸ್. ಎನ್. ಕೊಹ್ಲಿ ಇದ್ದರು. ನೆಲದ ಮೇಲಿನ ಹಿರಿಯ ಅಧಿಪತ್ಯಕ್ಕೂ ಕಡಲ ಮೇಲಿನ ಕಾರ್ಯಾಧಿಪತ್ಯಕ್ಕೂ ನಡುವಣ ಈ ವಿಭಾಗವೇ ಶ್ರೀರಂಗಪಟ್ಟಣದ ಮೀರ್ ಯಮರಿಗೂ ಮಂಗಳೂರಿನ ಮೀರ್ ಬಹ್ರರಿಗೂ ನಡುವೆ ಟಿಪ್ಪು ಕಲ್ಪಿಸಿಕೊಂಡದ್ದು. ಅವನಿಗೆ ಇಲ್ಲದಿದ್ದುದು ತಂತಿಯಿಲ್ಲದೆ ಮಾತು ಮುಟ್ಟಿಸುವ ಸಾಧನ.

ಆ ಕ್ರೂಸರು 1985ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಮುಂಬಯಿಯ ಮಜಗಾಂವ್ ಡಾಕಿನಲ್ಲಿ ಕಟ್ಟಿದ ಅದೇ ಹೆಸರಿನ ಎರಡನೆಯ ಹಡಗು 1999ರ ಜೂನ್ 2ರಂದು ನೌಕಾಪಡೆಯನ್ನು ಸೇರಿತು. 2005ರಲ್ಲಿ ಕಾರವಾರದ ಬಳಿ ಐಎನ್‌ಎಸ್ ಕದಂಬ ಎಂಬ ನೌಕಾನೆಲೆ ಆರಂಭವಾಯಿತು. ಕರ್ನಾಟಕದ ತೀರಕ್ಕೆ ತನ್ನದೇ ಆದ ಒಬ್ಬ ನೌಕಾಧಿಕಾರಿ ಇದ್ದಾರೆ. ಇವರು ಪಶ್ಚಿಮ ಕಮಾಂಡಿನ ಮುಖ್ಯಸ್ಥರಿಗೆ ಅಧೀನರಾಗಿದ್ದೂ ತೀರದ ಮಟ್ಟಿಗೆ ಸ್ವತಂತ್ರವಾಗಿ ಕಾರ್ಯ ನಡೆಸುವವರು.

ಮೈಸೂರಿನ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ವರ್ಷ ವರ್ಷವೂ ನೀವು ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೀರಿ. ಕೋಟೆಯನ್ನೂ ದೇವಾಲಯವನ್ನೂ ಗುಂಬಜನ್ನೂ ತೋರಿಸುತ್ತೀರಿ. ದರಿಯಾ ದೌಲತ್ತಿನ ಪಡುಗೋಡೆಯ ಎದುರು ನಿಲ್ಲಿಸಿ ಪೊಳ್ಳಿಲೂರಿನ ಕಥೆಯನ್ನು ಹೇಳುತ್ತೀರಿ. ಅದೇ ಊರಿನಲ್ಲಿ ಹನ್ನೊಂದು ಮಂದಿಯ ನೌಕಾಮಂಡಲಿಯು ನೇಮಕವಾಗಿತ್ತೆಂದೂ, ಅದರ ಕೆಳಗೆ ಮೂವತ್ತು ಮಂದಿಯನ್ನು ಗೊತ್ತುಮಾಡಿ ಹತ್ತು ಮಂದಿಗೆ ಪಾಠ ಹೇಳಿಸುವ ಏರ್ಪಾಡಿತ್ತೆಂದೂ ಅವರಿಗೆ ತಿಳಿಸಿರಿ; 1768ರಲ್ಲಿ ಹೊನ್ನಾವರದ ಎದುರು ಏನು ನಡೆಯಿತೆಂಬುದನ್ನೂ ಮರೆಮಾಚದೆ ಹೇಳಿರಿ. ಅವರಲ್ಲಿ ಒಬ್ಬರಾದರೂ ಪರ್ಷಿಯನ್ ಕಲಿತು ಆ ಹುಕುಂನಾಮೆಯನ್ನು ಮೂಲದಿಂದಲೇ ಕನ್ನಡಕ್ಕೆ ತರುವಂತಾಗಲಿ.